ಹೆಸರು ಒರೆಸುವ ವಿಧಾನ

ನಮ್ಮ ಮನೆಯಲ್ಲಿ ಹೆಸರಿಲ್ಲದ ವಸ್ತುವೇ ಇರಲಿಲ್ಲ. ಅಮ್ಮನ ಬ್ಯಾಗಿನಲ್ಲಿ ಕಪ್ಪು ಪರ್ಮನೆಂಟ್ ಮಾರ್ಕರ್ ಒಂದು ಸದಾ ಇರುತ್ತಿತ್ತು. ನನ್ನ ಟಿಫಿನ್ ಬಾಕ್ಸಿನ ಮುಚ್ಚಳ, ನೀರಿನ ಬಾಟಲಿಯ ತಳ, ಕೊಡೆಯ ಹಿಡಿ, ರೇನ್‌ಕೋಟಿನ ಒಳಮಗ್ಗುಲು, ಕೊನೆಗೆ ಚಪ್ಪಲಿಯ ಅಡಿಯಲ್ಲೂ ನನ್ನ ಹೆಸರು. ಪಕ್ಕದ ಮನೆಗಳಿಗೆ ಸಾರು, ಪಲ್ಯ ಕೊಟ್ಟು ಕಳಿಸುವ ಸ್ಟೀಲು ಪಾತ್ರೆಗಳ ತಳದಲ್ಲಿ ಅಪ್ಪನ ಹೆಸರು. ಅಪ್ಪ ಇದ್ದದ್ದು ಮಸ್ಕತ್ತಿನಲ್ಲಿ. ವರ್ಷಕ್ಕೊಮ್ಮೆ ಊರಿಗೆ ಬಂದಾಗ ಎಲ್ಲಿ ನೋಡಿದರಲ್ಲಿ ತನ್ನದೇ ಹೆಸರು ಕಂಡು, "ಎಂತ ಮಾರಾಯ್ತಿ, ನನಗೂ ಒಂದು ಕಡೆ ಬರೆದುಬಿಡು, ವಿಮಾನದಲ್ಲಿ ಕಳೆದುಹೋದರೆ ಕಷ್ಟ" ಎಂದು ನಗುತ್ತಿದ್ದರು. ಅಮ್ಮನಿಗೆ ಇದು ತಮಾಷೆಯ ವಿಷಯ ಆಗಿರಲಿಲ್ಲ.

"ಹೆಸರಿಲ್ಲದಿದ್ದರೆ ಯಾರಾದರೂ ತೆಗೆದುಕೊಂಡು ಹೋಗ್ತಾರೆ," ಎನ್ನುತ್ತಿದ್ದಳು.

ಅಮ್ಮ ಕಾಪುವಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ನಾನು ಓದಿದ್ದೂ ಅಲ್ಲೇ. ಬೆಳಿಗ್ಗೆ ಅಮ್ಮನ ಸ್ಕೂಟರಿನ ಹಿಂದೆ ಕುಳಿತು ಹೋಗುತ್ತಿದ್ದೆ. ದಾರಿಯುದ್ದಕ್ಕೂ ತುಳುವಿನಲ್ಲಿ ಜಗಳ: ತಲೆ ಸರಿಯಾಗಿ ಬಾಚಿಲ್ಲ, ದೋಸೆ ಅರ್ಧ ಬಿಟ್ಟೆ, ಹೋಂವರ್ಕ್ ಎಲ್ಲಿ. ಶಾಲೆಯ ಗೇಟಿನ ಹೊರಗೆ ನಾನು ಇಳಿಯಬೇಕು. ಅಮ್ಮ ಸ್ಕೂಟರ್ ಒಳಗೆ ನಿಲ್ಲಿಸಿ ಹೆಲ್ಮೆಟ್ ತೆಗೆದು ಬರುವಷ್ಟರಲ್ಲಿ ಬೇರೆಯೇ ವ್ಯಕ್ತಿ. ನಾನು ಎದುರು ಸಿಕ್ಕಿ, "ಗುಡ್ ಮಾರ್ನಿಂಗ್ ಟೀಚರ್" ಎನ್ನಬೇಕು. ಅವರು ತಲೆ ಆಡಿಸಿ ಮುಂದೆ ಹೋಗುತ್ತಾರೆ. ಶಾಲೆಯೊಳಗೆ ತುಳುವಿಲ್ಲ, ನೀನು ಎನ್ನುವಂತಿಲ್ಲ, ಅಮ್ಮ ಇಲ್ಲ. ಇದು ಅಮ್ಮನೇ ಮಾಡಿದ ನಿಯಮ. ಎಂಟನೇ ಕ್ಲಾಸಿನ ಮೊದಲ ದಿನ ಬಾಯಿತಪ್ಪಿ "ಅಮ್ಮ" ಎಂದದ್ದಕ್ಕೆ ಇಡೀ ಕ್ಲಾಸು ನಕ್ಕಿತ್ತು, ಟೀಚರ್ ನಕ್ಕಿರಲಿಲ್ಲ. ಮನೆಗೆ ಹೋದ ಮೇಲೆ ಅಮ್ಮ ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು.

ಟೀಚರ ಮಗಳಾಗುವುದು ಸುಖ ಎಂದು ತಿಳಿದವರು ಒಂದು ವಾರ ಆಗಿ ನೋಡಬೇಕು. ನಾನು ಕೈ ಎತ್ತಿದರೆ ಟೀಚರ್ ಬೇರೆಯವರನ್ನು ಕೇಳುತ್ತಿದ್ದರು. ಎತ್ತದಿದ್ದರೆ ನನ್ನನ್ನೇ ಕೇಳುತ್ತಿದ್ದರು. ಇಬ್ಬರು ಮಾತಾಡಿದರೆ ಬೈಗುಳ ನನಗೆ. ಇಷ್ಟೆಲ್ಲ ಆದ ಮೇಲೂ, ಒಂಬತ್ತನೇ ಕ್ಲಾಸಿನ ಒಂದು ಸೋಮವಾರ ನನ್ನ ಡೆಸ್ಕಿನ ಮೇಲೆ ಯಾರೋ ದಪ್ಪ ಅಕ್ಷರಗಳಲ್ಲಿ ಬರೆದಿಟ್ಟಿದ್ದರು: ಟೀಚರ್ ಮಗಳಿಗೆ ಮಾರ್ಕು ಫ್ರೀ. ಪರ್ಮನೆಂಟ್ ಮಾರ್ಕರಿನಲ್ಲಿ.

ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಇದ್ದರೆ ಇರಲಿ. ಅವತ್ತು ಕೋಪಕ್ಕಿಂತ ಹೆಚ್ಚು ಅವಮಾನವಾಯಿತು. ಮೂರನೇ ಪೀರಿಯಡ್ ವಿಜ್ಞಾನ. ಅಷ್ಟರೊಳಗೆ ಅದು ಹೋಗಬೇಕಿತ್ತು. ನೀರು ಹಾಕಿ ತಿಕ್ಕಿದೆ, ಬಿಸಿಯೂಟದವರ ಪಾತ್ರೆ ತೊಳೆಯುವ ಸೋಪು ತಂದು ತಿಕ್ಕಿದೆ. ಡೆಸ್ಕಿನ ಸನ್‌ಮೈಕಾ ಫಳಫಳ ಹೊಳೆಯಿತು, ಅಕ್ಷರಗಳು ಇನ್ನೂ ಚೆನ್ನಾಗಿ ಕಂಡವು. ಕಾರಿಡಾರಿನಲ್ಲಿ ಟೀಚರ ಚಪ್ಪಲಿಯ ಸದ್ದು ಕೇಳಿಸಿತು. ಬೇರೆ ದಾರಿ ಕಾಣದೆ, ಬೋರ್ಡಿನ ಬಳಿ ಇದ್ದ ವೈಟ್‌ಬೋರ್ಡ್ ಮಾರ್ಕರ್ ಹಾರಿಸಿಕೊಂಡು ಬಂದು ಆ ಸಾಲಿನ ಮೇಲೆ ಗೀಚಿ ಗೀಚಿ ಮುಚ್ಚಿಬಿಟ್ಟೆ. ಈಗ ಡೆಸ್ಕಿನ ಮೇಲೆ ಒಂದು ನೀಲಿ ಮುದ್ದೆ. ಅದಕ್ಕಾದರೂ ಬೈಗುಳ ಸಿಗುತ್ತದೆಂದು ಗಡಿಬಿಡಿಯಲ್ಲಿ ಕರ್ಚೀಫಿನಿಂದ ಒರೆಸಿದೆ. ನೀಲಿ ಹೋಯಿತು. ಜೊತೆಗೆ ಕಪ್ಪೂ ಹೋಯಿತು. ಡೆಸ್ಕು ಹುಟ್ಟಿದ ದಿನ ಇದ್ದ ಹಾಗೆ ಆಯಿತು.

ಆ ಪೀರಿಯಡಿನಲ್ಲಿ ಟೀಚರ್ ಏನು ಪಾಠ ಮಾಡಿದರೋ ದೇವರೇ ಬಲ್ಲ. ಡೆಸ್ಕಿನ ಅಡಿಯಲ್ಲಿ ನನ್ನ ಕರ್ಚೀಫು ಹಿಡಿದುಕೊಂಡು ಕುಳಿತಿದ್ದೆ, ಖುಷಿಯಿಂದ ಕಿವಿ ಬಿಸಿಯಾಗಿತ್ತು.

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಏನು ಬರೆದಿದ್ದರು ಎನ್ನುವುದನ್ನು ಬಿಟ್ಟು ಉಳಿದದ್ದೆಲ್ಲ ಹೇಳಿದೆ. ಅಮ್ಮ ನಂಬಲಿಲ್ಲ. ಸ್ಟೀಲು ಪಾತ್ರೆಯೊಂದನ್ನು ಮಗುಚಿ ಅಪ್ಪನ ಹೆಸರಿನ ಮೇಲೆ ಮಾಡಿ ತೋರಿಸಿದೆ. ಅಪ್ಪ ಮಾಯ. ಅಮ್ಮ ಪಾತ್ರೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಓರೆಯಾಗಿ ನೋಡಿದಳು.

"ಇಲ್ಲಿ ನೋಡು, ನೆರಳು ಉಂಟು," ಎಂದಳು. "ಹಳೆಯ ಬರಹ ಆದರೆ ಪೂರ್ತಿ ಹೋಗುವುದಿಲ್ಲ. ಯಾಕೆ ಅಂತ ಹೇಳು ನೋಡುವ."

ನನಗೆ ಗೊತ್ತಿರಲಿಲ್ಲ. ಅಮ್ಮನಿಗೆ ಗೊತ್ತಿತ್ತೋ ಏನೋ, ಹೇಳಲಿಲ್ಲ. "ಸೈನ್ಸ್ ಫೇರ್‌ಗೆ ಇದನ್ನೇ ಮಾಡು. ಇದು ನಿನ್ನದು. ನಾನು ಕೈ ಹಾಕುವುದಿಲ್ಲ, ಹೇಳಿಕೊಡುವುದೂ ಇಲ್ಲ. ನಾಳೆ ಯಾರೂ ಬಾಯಿ ಎತ್ತಬಾರದು," ಎಂದಳು. ಡೆಸ್ಕಿನ ಬರಹ ಅವಳಿಗೆ ಮೊದಲೇ ಗೊತ್ತಿತ್ತು ಎಂದು ನನಗೆ ಆಗ ಹೊಳೆಯಲಿಲ್ಲ. ಇದು ನಿನ್ನದು ಎಂಬ ಮಾತೊಂದೇ ಕಿವಿಗೆ ಬಿದ್ದದ್ದು. ಕ್ಲಾಸಿನಲ್ಲಿ ಬಂದ ಪ್ರತಿ ಅಂಕವನ್ನೂ ಜನ ಟೀಚರ ಲೆಕ್ಕಕ್ಕೆ ಹಾಕುತ್ತಿದ್ದ ಕಾಲದಲ್ಲಿ, ನನ್ನದು ಎನ್ನಲು ಒಂದೇ ಒಂದು ಸಿಕ್ಕಿತ್ತು.

ಪ್ರಾಜೆಕ್ಟಿಗೆ ಇಬ್ಬರು ಬೇಕೆಂಬ ನಿಯಮ. ನಾನು ನನ್ನ ಪಕ್ಕದಲ್ಲಿ ಕೂರುತ್ತಿದ್ದವಳನ್ನು ಕರೆದೆ. ಬಾಗಲಕೋಟೆ ಕಡೆಯವಳು. ಅವಳ ಅಪ್ಪ ಮಣಿಪಾಲದ ಫ್ಲ್ಯಾಟುಗಳಲ್ಲಿ ಟೈಲ್ಸ್ ಹಾಕುತ್ತಿದ್ದರು, ಮನೆಯವರೆಲ್ಲ ಕಟಪಾಡಿಯಲ್ಲಿ ಬಾಡಿಗೆಗೆ ಇದ್ದರು. ಬಂದ ಹೊಸದರಲ್ಲಿ ಅವಳ ಮಾತು ನಮಗೆ ಅರ್ಥವಾಗುತ್ತಿರಲಿಲ್ಲ, ನಮ್ಮದು ಅವಳಿಗೆ ಪುಸ್ತಕ ಓದಿದ ಹಾಗೆ ಕೇಳುತ್ತಿತ್ತಂತೆ. "ನೀವು ಮಾತಾಡ್ತೀರೋ, ಪಾಠ ಒಪ್ಪಿಸ್ತೀರೋ?" ಎಂದು ಕೇಳಿ ನಗಿಸಿದ್ದಳು. ಅವಳಿಗೆ ಹೆದರಿಕೆ ಎಂಬುದೇ ಇರಲಿಲ್ಲ. ನಾನಾದರೋ ನಾಲ್ಕು ಜನ ಎದುರು ನಿಂತರೆ ತೊಡೆ ನಡುಗುವವಳು. ಕ್ಲಾಸಿನಲ್ಲಿ ನನ್ನ ಡೆಸ್ಕಿನ ಬರಹವನ್ನು ಮೊದಲು ಓದಿದವಳೂ ಅವಳೇ. ಅದನ್ನು ಯಾರಿಗೂ ಹೇಳಿರಲಿಲ್ಲ. ಅದಕ್ಕೇ ಅವಳನ್ನು ನಂಬಿದ್ದೆ.

ಕೊರೋನಾ ಕಾಲದ ಸ್ಯಾನಿಟೈಸರ್ ಕ್ಯಾನುಗಳು ಲ್ಯಾಬಿನ ಮೂಲೆಯಲ್ಲಿ ಧೂಳು ಹಿಡಿದು ಕುಳಿತಿದ್ದವು. ನಮಗೆ ಅದೇ ಸಂಪತ್ತು. ಸ್ಯಾನಿಟೈಸರ್, ತೆಂಗಿನೆಣ್ಣೆ, ಟೂತ್‌ಪೇಸ್ಟು, ನೇಲ್ ಪಾಲಿಶ್ ರಿಮೂವರ್, ಲಿಂಬೆರಸ, ವೈಟ್‌ಬೋರ್ಡ್ ಮಾರ್ಕರ್. ಗಾಜು, ಸ್ಟೀಲು, ಬಕೆಟಿನ ಪ್ಲಾಸ್ಟಿಕ್, ಸನ್‌ಮೈಕಾ, ಹಳೆಯ ಯೂನಿಫಾರ್ಮಿನ ಬಟ್ಟೆ. ಅವಳು ಅಪ್ಪನ ಸೈಟಿನಿಂದ ಒಡೆದ ಟೈಲ್ಸ್ ಚೂರುಗಳನ್ನು ಚೀಲದಲ್ಲಿ ಹೊತ್ತು ತಂದಳು. ಟೈಲಿನ ನುಣುಪು ಮುಖದ ಮೇಲೆ ಬರೆದದ್ದು ಒಂದೇ ಸಲ ಒರೆಸಿದ್ದಕ್ಕೆ ಹೋಯಿತು. ಬೆನ್ನಿನ ಒರಟು ಮುಖದ ಮೇಲೆ ಬರೆದದ್ದು ಏನು ಮಾಡಿದರೂ ಹೋಗಲಿಲ್ಲ, ಹರಡಿ ಕೊಳೆಯಾಯಿತು ಅಷ್ಟೇ.

ನಾನು ಒಂದು ದೊಡ್ಡ ಎಡವಟ್ಟು ಮಾಡಿದೆ. ಮೀನು ತುಂಬಿಸುವ ಥರ್ಮೋಕೋಲ್ ಪೆಟ್ಟಿಗೆಗಳ ಮೇಲೆ ಬೋಟಿನವರು ಪರ್ಮನೆಂಟ್ ಮಾರ್ಕರಿನಲ್ಲಿ ಗುರುತು ಬರೆದಿರುತ್ತಾರೆ. ನಮ್ಮ ಕಡೆ ಬೈಕಿನ ಮೇಲೆ ಮೀನು ತರುವವರಲ್ಲಿ ಕೇಳಿ ಅಂಥ ಪೆಟ್ಟಿಗೆಯೊಂದನ್ನು ತಂದು, ಬಹಳ ಗಂಭೀರವಾಗಿ ನೇಲ್ ಪಾಲಿಶ್ ರಿಮೂವರ್ ಸುರಿದೆ. ಬರಹ ಹೋಯಿತು. ಪೆಟ್ಟಿಗೆಯೂ ಹೋಯಿತು. ಥರ್ಮೋಕೋಲ್ ಕರಗಿ ಕೈ ತೂರುವಷ್ಟು ದೊಡ್ಡ ತೂತು, ಅದರೊಳಗಿಂದ ಬಂಗುಡೆಯ ನೀರು ಲ್ಯಾಬಿನ ಮೇಜಿನ ಮೇಲೆ ಹರಿಯಿತು. ಎರಡು ದಿನ ಲ್ಯಾಬು ಮಾರ್ಕೆಟ್ ವಾಸನೆ ಹೊಡೆಯಿತು. ಅವಳು ನಕ್ಕು ನಕ್ಕು ನೆಲದಲ್ಲಿ ಕುಳಿತಳು. "ನಿಮ್ಮ ಊರಾಗ ಎಲ್ಲಾದಕ್ಕೂ ಮೀನ ಬೇಕು ನೋಡು," ಎಂದಳು. ಪೆಟ್ಟಿಗೆಯನ್ನು ನಾವು ತೂತಿನ ಸಮೇತ ಪ್ರದರ್ಶನಕ್ಕೆ ಇಟ್ಟೆವು. ಬರಹ ತೆಗೆಯಲು ಹೋಗಿ ಬರೆದ ವಸ್ತುವನ್ನೇ ತೆಗೆಯಬಾರದು ಎಂದು ಕೆಳಗೆ ಬರೆದೆವು.

ಕಡೆಗೆ ನಮಗೆ ಅರ್ಥವಾದದ್ದು ಇಷ್ಟು. ಮಾರ್ಕರಿನ ಬಣ್ಣವನ್ನು ಕರಗಿಸಿ ಹಿಡಿದಿಟ್ಟಿರುವುದು ಒಂದು ಸ್ಪಿರಿಟು. ಬರೆದ ಕೂಡಲೇ ಸ್ಪಿರಿಟು ಹಾರಿಹೋಗುತ್ತದೆ, ಬಣ್ಣ ಅಂಟಿ ಕೂರುತ್ತದೆ. ಮೇಲೆ ಪುನಃ ಸ್ಪಿರಿಟು ಬಿದ್ದರೆ ಬಣ್ಣ ಸಡಿಲವಾಗುತ್ತದೆ. ವೈಟ್‌ಬೋರ್ಡ್ ಮಾರ್ಕರಿನಲ್ಲೂ ಅಂಥದೇ ಸ್ಪಿರಿಟು, ಜೊತೆಗೆ ಬಣ್ಣ ಅಂಟದಂತೆ ತಡೆಯುವ ಜಾರುವ ವಸ್ತು. ಹೊಸ ಶಾಯಿ ಹಳೆಯದನ್ನು ಎಬ್ಬಿಸಿಕೊಂಡು ಹೋಗುತ್ತದೆ. ಬರೆದು ದಿನ ಕಳೆದಿದ್ದರೆ ಬಣ್ಣ ಸ್ವಲ್ಪ ಒಳಗಿಳಿದಿರುತ್ತದೆ, ಅದರ ನೆರಳು ಉಳಿಯುತ್ತದೆ. ಇದನ್ನು ಕಂಡುಹಿಡಿದದ್ದು ನಾನೇ ಮೊದಲಲ್ಲ, ಮೊಬೈಲಿನಲ್ಲಿ ಹುಡುಕಿದರೆ ಸಿಗುತ್ತದೆ. ಆದರೆ ನಾನು ಹುಡುಕಿ ಪಡೆದದ್ದಲ್ಲ. ನನ್ನ ಡೆಸ್ಕಿನ ಮೇಲೆ, ನನ್ನ ಅವಮಾನದ ಮೇಲೆ ನನಗೆ ಸಿಕ್ಕಿದ್ದು.

ಶಾಲೆಯ ಫೇರಿನಲ್ಲಿ ನಮಗೆ ಮೊದಲ ಸ್ಥಾನ ಬಂತು. ತೀರ್ಪು ಕೊಟ್ಟವರು ಹೊರಗಿನವರು, ಟೀಚರ್ ಆ ಕಡೆ ಸುಳಿಯಲೇ ಇಲ್ಲ. ಮುಂದಿನದು ಕಾರ್ಕಳದ ಒಂದು ಕಾಲೇಜಿನಲ್ಲಿ, ಸುತ್ತಮುತ್ತಲಿನ ಶಾಲೆಗಳೆಲ್ಲ ಬರುವ ದೊಡ್ಡ ಫೇರು. ಅದಕ್ಕೆಂದು ಉಡುಪಿಯಲ್ಲಿ ದೊಡ್ಡ ಚಾರ್ಟು ಮಾಡಿಸಿ ಲ್ಯಾಮಿನೇಟ್ ಮಾಡಿಸಿದೆವು. ಹೆಸರು ಬರೆಯುವ ಜಾಗದಲ್ಲಿ ಟೀಚರ್ ತಮ್ಮ ಮಾರ್ಕರ್ ತೆಗೆದು ತಾವೇ ಬರೆದರು. ಮೇಲೆ ನನ್ನ ಹೆಸರು, ಕೆಳಗೆ ಅವಳದು. ಟೀಚರ ಅಕ್ಷರ ಅಚ್ಚು ಹೊಡೆದ ಹಾಗೆ. ಟಿಫಿನ್ ಬಾಕ್ಸಿನ ಮೇಲೆ ದಿನಾ ನೋಡುತ್ತಿದ್ದ ಅದೇ ನನ್ನ ಹೆಸರು, ಅವತ್ತು ಎಷ್ಟು ಸಲ ನೋಡಿದರೂ ತೃಪ್ತಿಯಾಗಲಿಲ್ಲ.

ಕಾರ್ಕಳದ ನಿಯಮ ಬೇರೆ ಎಂದು ಆಮೇಲೆ ತಿಳಿಯಿತು. ಒಂದು ಪ್ರಾಜೆಕ್ಟಿಗೆ ಒಬ್ಬರೇ ವಿದ್ಯಾರ್ಥಿ, ಜೊತೆಗೆ ಒಬ್ಬರು ಗೈಡ್ ಟೀಚರ್. ನಮ್ಮ ಕ್ಲಾಸಿನವರೆಲ್ಲ ಶಾಲೆಯ ಬಸ್ಸಿನಲ್ಲಿ ನೋಡಲು ಬರುತ್ತಾರೆ, ಆದರೆ ಮೇಜಿನ ಹಿಂದೆ ನಿಂತು ಹೇಳುವವರು ಒಬ್ಬರೇ. ಯಾರು ಎಂದು ನಾನು ಕೇಳಲಿಲ್ಲ. ಕೇಳುವಂಥದ್ದು ಎಂತ ಉಂಟು? ಮನೆಯಲ್ಲಿ ಅಮ್ಮ ದಿನಾ ಸಂಜೆ ಅಡುಗೆಮನೆಯಲ್ಲಿ ನಿಂತು ನನ್ನಿಂದ ಒಪ್ಪಿಸಿಕೊಂಡು ಕೇಳುತ್ತಿದ್ದಳು. ತೆಂಗಿನಕಾಯಿ ತುರಿಯುತ್ತಾ, "ಗಟ್ಟಿಯಾಗಿ ಹೇಳು. ನೆಲ ನೋಡಬೇಡ. ನೆರಳು ಯಾಕೆ ಉಳಿಯುತ್ತದೆ ಅಂತ ಕೇಳಿದರೆ ಎಂತ ಹೇಳ್ತಿ?" ಎನ್ನುತ್ತಿದ್ದಳು. ನಾನು ತೊಡೆ ನಡುಗದಂತೆ ಫ್ರಿಜ್ಜಿಗೆ ಒರಗಿಕೊಂಡು ಹೇಳುತ್ತಿದ್ದೆ. ಹೋಗುವ ಹಿಂದಿನ ಸಂಜೆ ಅಮ್ಮ ನನ್ನ ಯೂನಿಫಾರ್ಮಿಗೆ ಇಸ್ತ್ರಿ ಹಾಕಿದಳು. ಕಾಲರಿನ ಮಡಿಕೆಯನ್ನು ಎರಡೆರಡು ಸಲ ತೀಡಿದಳು. ಈಗ ಆ ಇಸ್ತ್ರಿಯನ್ನು ನೆನೆದರೇ ನನಗೆ ಹೆಚ್ಚು ಹೊಟ್ಟೆ ಉರಿಯುವುದು.

ಪಡುಬಿದ್ರಿಗೆ ಬಂದು, ಬೆಳ್ಮಣ್, ನಿಟ್ಟೆ ದಾಟಿ ಬಸ್ಸು ಕಾರ್ಕಳ ಮುಟ್ಟುವವರೆಗೂ ನಾನು ಕಿಟಕಿಯ ಕಡೆ ಮುಖ ಮಾಡಿ ಮನಸ್ಸಿನಲ್ಲೇ ಒಪ್ಪಿಸುತ್ತಿದ್ದೆ. ನನ್ನ ಜೊತೆಗಾತಿ ಎರಡು ಸೀಟು ಹಿಂದೆ ಕುಳಿತಿದ್ದಳು. ಯಾವಾಗಲೂ ನನ್ನ ಪಕ್ಕ ಕೂರುವವಳು. ನಾನು ಓದಿಕೊಳ್ಳಲಿ ಎಂದು ಬಿಟ್ಟಿದ್ದಾಳೆ ಎಂದುಕೊಂಡೆ.

ಕಾಲೇಜಿನ ಹಾಲಿನಲ್ಲಿ ನಮ್ಮ ಮೇಜು ಕಿಟಕಿಯ ಪಕ್ಕ ಇತ್ತು. ಟೈಲ್ಸ್ ಚೂರುಗಳನ್ನು ಜೋಡಿಸಿದೆ, ತೂತಿನ ಪೆಟ್ಟಿಗೆಯನ್ನು ಇಟ್ಟೆ. ಟೀಚರ್ ಚಾರ್ಟಿಗೆ ಸುತ್ತಿದ್ದ ಪೇಪರು ಬಿಚ್ಚಿ ಗೋಡೆಗೆ ಒರಗಿಸಿದರು. ಆಮೇಲೆ ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದರು.

"ನೀನು ಹೋಗಿ ಕ್ಲಾಸಿನವರ ಜೊತೆ ಕುಳಿತುಕೋ. ಇಲ್ಲಿ ಅವಳು ನಿಲ್ಲುತ್ತಾಳೆ."

ನಾನು ಚಾರ್ಟನ್ನು ನೋಡಿದೆ. ಹೆಸರಿನ ಜಾಗದಲ್ಲಿ ಅವಳ ಹೆಸರು ಕೆಳಗಿತ್ತು. ಮೇಲೆ ಖಾಲಿ.

"ಟೀಚರ್..." ಎಂದೆ. ಅಮ್ಮ ಎನ್ನುವಂತಿದ್ದರೆ ಕಿರುಚಬಹುದಿತ್ತು, ಕೈ ಹಿಡಿದು ಎಳೆಯಬಹುದಿತ್ತು, ಅಲ್ಲೇ ನೆಲದಲ್ಲಿ ಕುಳಿತು ಅಳಬಹುದಿತ್ತು. ಟೀಚರಿಗೆ ಎದುರು ಮಾತಾಡುವಂತಿಲ್ಲ. ಅದು ಅವರಿಗೂ ಗೊತ್ತಿತ್ತು. ಮನೆಯಲ್ಲಿ ಹೇಳಿದ್ದರೆ ನಾನು ಮನೆ ತಲೆಕೆಳಗು ಮಾಡುತ್ತಿದ್ದೆ. ಅದಕ್ಕೇ ನಾನು ಬಾಯಿ ತೆರೆಯಲಾಗದ ಜಾಗವನ್ನು ಆರಿಸಿ, ಅಲ್ಲಿವರೆಗೆ ಬಸ್ಸಿನಲ್ಲಿ ಕರೆದುಕೊಂಡು ಬಂದು, ಹೇಳಿದರು.

"ಹೋಗು. ಜಡ್ಜ್ ಬರುವ ಹೊತ್ತಾಯಿತು," ಎಂದರು ಟೀಚರ್.

ಹಾಲಿನ ಹೊರಗಿನ ನಲ್ಲಿಯ ಹತ್ತಿರ ಅವಳು ನನ್ನ ಹಿಂದೆ ಓಡಿಬಂದಳು. ನಾನು ಮುಖ ತೊಳೆಯುತ್ತಿದ್ದೆ, ಅಂದರೆ ಅಳುತ್ತಿದ್ದೆ.

"ನಾ ನಿನಗ ಹೇಳಬೇಕಂತಿದ್ದೆ," ಎಂದಳು. "ಟೀಚರು ಬ್ಯಾಡ ಅಂದ್ರು. ನಾನೇ ಹೇಳ್ತೀನಿ ಅಂದಿದ್ರು."

"ಯಾವಾಗ ಅಂದದ್ದು?"

"ಹೋದ ವಾರ. ಮಧ್ಯಾಹ್ನ ಊಟ ಆದ ಮ್ಯಾಲೆ ಸ್ಟಾಫ್ ರೂಮಿನಾಗ ನನಗ ಪ್ರಾಕ್ಟೀಸ್ ಮಾಡಸ್ತಿದ್ರು." ಅವಳೂ ಅಳತೊಡಗಿದಳು. "ಯಾರೋ ಪೇರೆಂಟು ಹೆಡ್‌ಮಾಸ್ಟರ್ ಹತ್ರ ಬಂದು, ಟೀಚರ್ ತನ್ನ ಮಗಳನ್ನೇ ಮುಂದ ಮಾಡ್ತಾರ ಅಂತ ಜಗಳ ಮಾಡಿದ್ರಂತ. ನೀ ಸಿಟ್ಟಾಗಬ್ಯಾಡ. ನಿಂದೇ ಐತಿ ಇದು, ನಂಗೊತ್ತೈತಿ."

ಹೋದ ವಾರ. ಹಾಗಾದರೆ ಮಧ್ಯಾಹ್ನ ಅವಳಿಗೆ, ಸಂಜೆ ನನಗೆ. ಅಡುಗೆಮನೆಯಲ್ಲಿ ನನ್ನಿಂದ ಬಂದ ಒಳ್ಳೆಯ ವಾಕ್ಯ ಮರುದಿನ ಸ್ಟಾಫ್ ರೂಮಿನಲ್ಲಿ ಅವಳ ಬಾಯಿಗೆ. ನಾನು ಯಾವ ಪ್ರಶ್ನೆಗೆ ತಡವರಿಸಿದೆನೋ ಅದಕ್ಕೆ ಅವಳಿಗೆ ಹೆಚ್ಚು ಅಭ್ಯಾಸ. ಅಷ್ಟು ದಿನ ಅವಳು ನನ್ನ ಪಕ್ಕದಲ್ಲೇ ಕುಳಿತು ನನ್ನ ಡಬ್ಬಿಯಿಂದ ನೀರುದೋಸೆ ತಿಂದಿದ್ದಳು. ಅವಳನ್ನು ಹೊಡೆಯಬೇಕೆನಿಸಿತು. ಹೊಡೆಯಲಿಲ್ಲ. "ಹೋಗು, ನಿನಗೆ ಹೊತ್ತಾಯಿತು," ಎಂದೆ. ಅದಾದ ಮೇಲೆ ನಾವಿಬ್ಬರೂ ಸರಿಯಾಗಿ ಮಾತಾಡಿಯೇ ಇಲ್ಲ.

ಜಡ್ಜ್ ಬಂದಾಗ ನಾನು ಮೇಜಿನ ಈಚೆ, ನಮ್ಮ ಕ್ಲಾಸಿನ ಮಕ್ಕಳ ನಡುವೆ ನಿಂತಿದ್ದೆ. ಕನ್ನಡಕದ, ನಗುಮುಖದ ಮನುಷ್ಯ. ಅವಳು ಹೇಳಿದಳು. ಚೆನ್ನಾಗಿ ಹೇಳಿದಳು, ನನಗಿಂತ ಚೆನ್ನಾಗಿ. ತೂತಿನ ಪೆಟ್ಟಿಗೆಯ ಕಥೆ ಹೇಳಿ ಅವರನ್ನು ನಗಿಸಿದಳು. ಅವಳ ಬಾಯಿಯಿಂದ ನನ್ನ ವಾಕ್ಯಗಳು ಒಂದೊಂದಾಗಿ ಬರುತ್ತಿದ್ದವು, ನನ್ನ ತುಟಿಗಳು ತಾವಾಗಿಯೇ ಅಲುಗುತ್ತಿದ್ದವು.

"ಇದು ಮೊದಲು ಹೇಗೆ ಗೊತ್ತಾಯಿತು ನಿಮಗೆ?" ಎಂದು ಜಡ್ಜ್ ಕೇಳಿದರು.

ಅವಳು ತಡೆದಳು. ನನ್ನ ಕಡೆ ನೋಡಿದಳು, ಆಮೇಲೆ ಟೀಚರ ಕಡೆ.

"ಹೀಗೇ ಸರ್, ಕ್ಲಾಸಿನಲ್ಲಿ ಆಕಸ್ಮಿಕವಾಗಿ ಗೊತ್ತಾದದ್ದು," ಎಂದರು ಟೀಚರ್.

ಜಡ್ಜ್ ತಲೆ ಆಡಿಸಿ ಚಾರ್ಟಿನ ಹತ್ತಿರ ಬಗ್ಗಿದರು. ಕಿಟಕಿಯ ಬೆಳಕು ಲ್ಯಾಮಿನೇಷನ್ ಮೇಲೆ ಓರೆಯಾಗಿ ಬಿದ್ದಿತ್ತು. ಅವರು ಅವಳ ಹೆಸರಿನ ಮೇಲಿನ ಖಾಲಿ ಜಾಗದಲ್ಲಿ ಬೆರಳಿಟ್ಟರು.

"ಇಲ್ಲಿ ಏನೋ ಇದ್ದ ಹಾಗೆ ಉಂಟಲ್ಲ? ನೆರಳು ಕಾಣುತ್ತದೆ."

ನಾನಿದ್ದ ಕಡೆಯಿಂದಲೂ ಕಾಣುತ್ತಿತ್ತು. ಹೊಳೆಯುವ ಹಾಳೆಯ ಮೇಲೆ ಹೊಳಪು ಕಳೆದುಕೊಂಡ ಅಕ್ಷರಗಳು. ತಿಳಿಯದವರಿಗೆ ಬರೀ ಉಜ್ಜಿದ ಗುರುತು, ನನಗೆ ನನ್ನ ಪೂರ್ತಿ ಹೆಸರು. ಸ್ಯಾನಿಟೈಸರ್ ಹಾಕಿದ್ದರೆ ಹರಡಿ ಮಬ್ಬಾಗುತ್ತಿತ್ತು. ಇಷ್ಟು ಚೊಕ್ಕವಾಗಿ ಹೋಗಬೇಕಾದರೆ ಅದರ ಮೇಲೆ ವೈಟ್‌ಬೋರ್ಡ್ ಮಾರ್ಕರಿನಲ್ಲಿ ಬರೆದೇ ಒರೆಸಿರಬೇಕು. ನಾನು ಪಾತ್ರೆ ಮಗುಚಿ ಅಮ್ಮನಿಗೆ ತೋರಿಸಿಕೊಟ್ಟ ಹಾಗೆಯೇ. ಅಂದರೆ ಒರೆಸುವ ಮೊದಲು, ಅಕ್ಷರದ ಮೇಲೆ ಅಕ್ಷರ ಇಟ್ಟು, ನನ್ನ ಹೆಸರನ್ನು ಇನ್ನೊಮ್ಮೆ ಬರೆದಿದ್ದರು.

ನಾನು ಟೀಚರ ಮುಖ ನೋಡಿದೆ. ಒಂದು ಮಾತು ಸಾಕಿತ್ತು. ಅಲ್ಲಿ ಇನ್ನೊಬ್ಬಳ ಹೆಸರಿತ್ತು ಸರ್ ಎಂದಿದ್ದರೆ ನಾನು ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದೆ. ಯಾರು ಎಂದು ಹೇಳುವುದೂ ಬೇಡವಿತ್ತು.

"ಅದು ತಪ್ಪಿ ಬರೆದದ್ದು ಸರ್," ಎಂದರು ಟೀಚರ್. "ಒರೆಸಿದ್ದು."

"ಓ, ಹಾಗಾದರೆ ಇದೇ ಡೆಮಾನ್‌ಸ್ಟ್ರೇಶನ್!" ಎಂದು ಜಡ್ಜ್ ನಕ್ಕರು. ಸುತ್ತ ನಿಂತವರೆಲ್ಲ ನಕ್ಕರು. ಟೀಚರೂ ನಕ್ಕರು, ಸ್ವಲ್ಪ.

ಬಹುಮಾನ ಬಂತು. ಎಷ್ಟನೆಯದೆಂದು ಹೇಳುವ ಆಸೆ ನನಗಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಎಲ್ಲರೂ ಅಂತ್ಯಾಕ್ಷರಿ ಹಾಡಿದರು. ಟೀಚರ್ ಡ್ರೈವರಿನ ಹಿಂದಿನ ಸೀಟಿನಲ್ಲಿ ಕುಳಿತಿದ್ದರು, ಒಮ್ಮೆಯೂ ಹಿಂತಿರುಗಿ ನೋಡಲಿಲ್ಲ. ಶಾಲೆಯ ಗೇಟಿನಿಂದ ಮನೆಗೆ ನಾನು ಸ್ಕೂಟರಿನ ಹಿಂದೆ ಕೂರದೆ ನಡೆದೇ ಬಂದೆ. ಸ್ಕೂಟರು ನನ್ನ ಹಿಂದೆಯೇ ನಿಧಾನವಾಗಿ ಬರುತ್ತಿತ್ತು.

ಮನೆಯಲ್ಲಿ ಅಮ್ಮ ಅಕ್ಕಿ ಉಂಡೆಯ ಪುಂಡಿ ಬೇಯಿಸಿ, ನನಗೆ ಇಷ್ಟದ ಕೋಳಿಸಾರು ಬಡಿಸಿದಳು. ಆ ಕೋಳಿಯನ್ನು ಬೆಳಿಗ್ಗೆಯೇ ತಂದು ಮಸಾಲೆ ಹಚ್ಚಿ ಫ್ರಿಜ್ಜಿನಲ್ಲಿ ಇಟ್ಟಿದ್ದಳು. ಸಮಾಧಾನ ಕೂಡ ಮೊದಲೇ ತಯಾರು.

"ನಿನ್ನನ್ನು ನಿಲ್ಲಿಸಿದ್ದರೆ ಎಂತೆಂತ ಹೇಳ್ತಿದ್ದರು ಗೊತ್ತುಂಟಾ ನಿನಗೆ?" ಎಂದಳು ತುಳುವಿನಲ್ಲಿ. "ಡೆಸ್ಕಿನ ಮೇಲೆ ಬರೆದದ್ದನ್ನು ನಾನು ನೋಡಲಿಲ್ಲ ಅಂತ ಎಣಿಸಿದ್ದೀಯಾ? ನೀನು ಬರುವ ಮೊದಲೇ ನೋಡಿದ್ದೆ. ನಿನಗೆ ಕೆಟ್ಟ ಹೆಸರು ಬರಬಾರದು ಅಂತ ಮಾಡಿದೆ."

"ಕೆಟ್ಟ ಹೆಸರು ಬರಬಾರದು ಅಂತ ಇದ್ದ ಹೆಸರನ್ನೇ ತೆಗೆದೆಯಾ?"

"ಆ ಹುಡುಗಿಗೆ ಯಾರಿದ್ದಾರೆ? ಅವಳಿಗೆ ಒಂದು ಸರ್ಟಿಫಿಕೇಟ್ ಸಿಕ್ಕಿದರೆ ಮುಂದೆ ಹಾಸ್ಟೆಲು, ಸೀಟು, ಎಲ್ಲದಕ್ಕೂ ಆಗ್ತದೆ. ನಿನಗೆ ನಾನಿದ್ದೇನೆ."

"ನೀನು ಇದ್ದದ್ದಕ್ಕೇ ಹೀಗಾದದ್ದು," ಎಂದೆ. "ಮೊದಲೇ ಯಾಕೆ ಹೇಳಲಿಲ್ಲ? ದಿನಾ ಸಂಜೆ ಯಾಕೆ ಒಪ್ಪಿಸಿಕೊಂಡೆ?"

ಅಮ್ಮ ಸೌಟು ಹಿಡಿದು ನಿಂತಳು. "ನಿನ್ನ ಮುಖ ನೋಡಿ ಹೇಳಲಿಕ್ಕೆ ಆಗಲಿಲ್ಲ. ನಾಳೆ ಹೇಳುವ, ನಾಳೆ ಹೇಳುವ ಅಂತ..."

"ಕಾರ್ಕಳದಲ್ಲಿ ಆಯಿತಲ್ವಾ?"

ಅಷ್ಟರಲ್ಲಿ ಮಸ್ಕತ್ತಿನಿಂದ ಅಪ್ಪನ ವಿಡಿಯೋ ಕಾಲ್ ಬಂತು. "ಎಂತಾಯ್ತು ನಮ್ಮ ವಿಜ್ಞಾನಿಯದ್ದು?" ಎಂದರು. "ಬಹುಮಾನ ಬಂತು," ಎಂದಳು ಅಮ್ಮ. ಅಪ್ಪ ಆಚೆ ಕೋಣೆಯಲ್ಲಿದ್ದವರಿಗೆಲ್ಲ ಕೇಳುವ ಹಾಗೆ, "ನನ್ನ ಮಗಳಿಗೆ ಪ್ರೈಜು!" ಎಂದು ಕೂಗಿದರು. ಯಾರೋ ಚಪ್ಪಾಳೆ ತಟ್ಟಿದರು. ಅಮ್ಮ ಅಪ್ಪನನ್ನು ತಿದ್ದಲಿಲ್ಲ. ನಾನೂ ತಿದ್ದಲಿಲ್ಲ. ಮೊಬೈಲಿನ ಮುಂದೆ ಹಲ್ಲು ಕಿರಿದು ನಿಂತೆ.

ಕಾಲ್ ಮುಗಿದ ಮೇಲೆ ಅಮ್ಮ, "ಸಾರು ಇನ್ನು ಸ್ವಲ್ಪ ಹಾಕಲಾ?" ಎಂದಳು.

"ಬೇಡ ಟೀಚರ್," ಎಂದೆ, ಕನ್ನಡದಲ್ಲಿ.

ನಾನು ಎದ್ದು ಕೈ ತೊಳೆದೆ. ಅಲ್ಲಿಂದ ಮುಂದೆ ಬಹಳ ದಿನ ಮನೆಯಲ್ಲಿ ಅವಳನ್ನು ಹಾಗೆಯೇ ಕರೆದೆ. ಟೀಚರ್, ಚಾ ಉಂಟಾ? ಟೀಚರ್, ನಾನು ಮಲಗುತ್ತೇನೆ. ಒಂದೆರಡು ಸಲ, "ಮನೆಯಲ್ಲಿ ಅಮ್ಮ ಅನ್ನು," ಎಂದಳು. ಆಮೇಲೆ ಹೇಳುವುದನ್ನು ಬಿಟ್ಟಳು. ಮಳೆಗಾಲದಲ್ಲಿ ಒಮ್ಮೆ ಜ್ವರ ಬಂದು ನರಳುವಾಗ ಬಾಯಿಂದ "ಅಮ್ಮ" ಎಂದು ಬಂದುಹೋಯಿತು. ಜ್ವರ ಬಿಟ್ಟ ಮೇಲೆ ಪುನಃ ಟೀಚರ್ ಎನ್ನಲು ನಾಚಿಕೆಯಾಗಿ ಸುಮ್ಮನಾದೆ. ಅದನ್ನು ರಾಜಿ ಎಂದು ಅವಳು ತಿಳಿದುಕೊಂಡಳು. ನಾನು ತಿಳಿದುಕೊಳ್ಳಲಿಲ್ಲ.

ಈ ಕಥೆಯನ್ನು ಕೇಳಿದವರೆಲ್ಲ ಅಮ್ಮನ ಪಕ್ಷ ಹಿಡಿಯುತ್ತಾರೆ. ಪಾಪ, ಅವರಿಗೂ ಎಷ್ಟು ಕಷ್ಟ ಆಗಿರಬೇಕು ಎನ್ನುತ್ತಾರೆ. ಆ ಹುಡುಗಿಗೆ ಒಳ್ಳೆಯದಾಯಿತಲ್ವಾ ಎನ್ನುತ್ತಾರೆ. ಆಯಿತು, ನಿಜ. ಅವಳು ಈಗ ಡಿಪ್ಲೊಮಾ ಓದುತ್ತಿದ್ದಾಳೆ, ನನಗೆ ಅದರಲ್ಲಿ ಹೊಟ್ಟೆಕಿಚ್ಚಿಲ್ಲ. ಕೇಳಿದ್ದರೆ ನಾನೇ ಅವಳನ್ನು ನಿಲ್ಲಿಸುತ್ತಿದ್ದೆನೋ ಏನೋ, ಹೇಗೂ ನನಗೆ ತೊಡೆ ನಡುಗುತ್ತದೆ. ಯಾರೂ ಕೇಳಲಿಲ್ಲ. ಅಮ್ಮನಿಗೆ ಜನರ ಬಾಯಿ ಮುಚ್ಚಿಸಬೇಕಿತ್ತು, ಅದಕ್ಕೆ ಕೈಗೆ ಸುಲಭವಾಗಿ ಸಿಕ್ಕಿದ್ದು ನಾನು. ಅವಳ ಪ್ರಾಮಾಣಿಕತೆಯನ್ನು ಊರೆಲ್ಲ ಹೊಗಳಿತು. ಅದರ ಬೆಲೆ ನಾನು ಕೊಟ್ಟೆ, ನನಗೆ ಹೇಳದೆ ನನ್ನಿಂದ ಕೊಡಿಸಿದಳು.

ಕಳೆದ ವರ್ಷ ನನಗೆ ಮಣಿಪಾಲದಲ್ಲಿ ಸೀಟು ಸಿಕ್ಕಿತು. ಕಾಪುವಿನಿಂದ ದಿನಾ ಬಸ್ಸಿನಲ್ಲಿ ಹೋಗಿಬರುವಷ್ಟೇ ದೂರ. ನಾನು ಹಾಸ್ಟೆಲೇ ಬೇಕೆಂದು ಹಟ ಹಿಡಿದೆ. ಅಮ್ಮ ಯಾಕೆಂದು ಕೇಳಲಿಲ್ಲ. ಸೇರುವ ದಿನ ಸಾಮಾನು ಹೊತ್ತುಕೊಂಡು ಜೊತೆಗೆ ಬಂದಳು. ಕೋಣೆಯಲ್ಲಿ ಚಾಪೆ ಹಾಸಿ ಕುಳಿತು ಬ್ಯಾಗಿನಿಂದ ಮಾರ್ಕರ್ ತೆಗೆದಳು. ಮಗ್ಗು, ತಟ್ಟೆ, ಲೋಟ, ಕೊಡೆ, ಒಂದೊಂದನ್ನೇ ತೊಡೆಯ ಮೇಲೆ ಇಟ್ಟುಕೊಂಡು, ಅದೇ ಅಚ್ಚಿನಂಥ ಅಕ್ಷರಗಳಲ್ಲಿ ನನ್ನ ಹೆಸರು ಬರೆಯುತ್ತಾ ಹೋದಳು. ನಾನು ಮಂಚದ ಮೇಲೆ ಕುಳಿತು ನೋಡುತ್ತಿದ್ದೆ. ಕೊನೆಗೆ ಹೊಸ ಕೆಂಪು ಬಕೆಟನ್ನು ಎಳೆದುಕೊಂಡಳು.

"ಹಾಸ್ಟೆಲಿನಲ್ಲಿ ಜಾಗ್ರತೆ," ಎಂದಳು. "ಹೆಸರಿಲ್ಲದಿದ್ದರೆ ಯಾರಾದರೂ ತೆಗೆದುಕೊಂಡು ಹೋಗ್ತಾರೆ."

"ಹೆಸರಿದ್ದರೂ ತೆಗೆದುಕೊಂಡು ಹೋಗುತ್ತಾರೆ, ಟೀಚರ್," ಎಂದೆ.

ಅದು ಕನ್ನಡದಲ್ಲಿ ಬಂತು. ನಾನು ಯೋಚಿಸಿ ಹೇಳಿದ್ದಲ್ಲ. ಅಮ್ಮನ ಕೈ ನಿಂತಿತು. ಮಾರ್ಕರಿನ ತುದಿ ತಾಗಿದ್ದಲ್ಲಿ ಒಂದು ಕಪ್ಪು ಚುಕ್ಕೆ ದೊಡ್ಡದಾಗುತ್ತಾ ಹೋಯಿತು. ಅವಳು ತಲೆ ಎತ್ತಲಿಲ್ಲ. ಉಳಿದ ಅಕ್ಷರಗಳನ್ನು ಮುಗಿಸಿದಳು, ಊದಿ ಒಣಗಿಸಿದಳು. ಆಮೇಲೆ ಬಕೆಟನ್ನು ತಿರುಗಿಸಿ, ಇನ್ನೊಂದು ಬದಿಯಲ್ಲೂ ನನ್ನ ಹೆಸರು ಬರೆದಳು.